ಜಗತ್ತನ್ನೇ ಒಟ್ಟಿಗೆ ವಿಚಾರಿಸಿದ ಮಧ್ಯಾಹ್ನ

ಕೋಪದಲ್ಲಿ ಮಿತರು, ಔದಾರ್ಯದಲ್ಲಿ ಅಮಿತರು, ಶಿವಪೂಜೆಯಾಗದೆ ಗುಟುಕು ನೀರನ್ನೂ ಮುಟ್ಟದವರು, ಸಪ್ಪೆ ಸಾರನ್ನು ‘ಹಿತವಾಗಿದೆ’ಯೆಂದು ಮತ್ತೊಮ್ಮೆ ಬಡಿಸಿಕೊಳ್ಳುವ ಸಜ್ಜನರು, ಅನ್ಯರ ಅವಿವೇಕವನ್ನು ಕಣ್ಣಾರೆ ಕಂಡೂ ಮಾಡಿನತ್ತ ದೃಷ್ಟಿ ಹೊರಳಿಸಬಲ್ಲ ದಯಾಳುಗಳು! ಇಂಥ ಮೈಸೂರಿನ ಶಂಭುಲಿಂಗಪ್ಪನವರು, ತಮ್ಮ ಮಗ ಗಿರಿರಾಜನೊಡನೆ ನಮ್ಮ ಮಗಳು ಶರಣ್ಯಾಳನ್ನು ನೋಡಲು ಅತ್ತಿಗುಪ್ಪೆಗೆ ಬರುವರೆಂದು ನಿಶ್ಚಯವಾದಾಗ, ನಾನೂ ಒಂದು ಮಹಾಸಂಕಲ್ಪ ಕೈಗೊಂಡೆ. ವರನ ಕುಲ, ಶೀಲ, ಸಂಬಳ ಸಮಸ್ತವನ್ನೂ ಕುರ್ಚಿಯಿಂದೇಳದೆ ಪತ್ತೆಹಚ್ಚುವುದು!

ಅದಕ್ಕೆ ತಕ್ಕ ದಿವ್ಯಾಸ್ತ್ರವೂ ಕಂಪ್ಯೂಟರಿನೊಳಗೆ ಬಂದಿಳಿದಿತ್ತು. ಹೆಸರನ್ನು ಒಮ್ಮೆ ಬರೆದು ಗುಂಡಿಯೊತ್ತಿದರೆ ಸಾಕು, ಆ ತಂತ್ರಾಂಶವು ಅಂತರ್ಜಾಲದ ಹತ್ತಾರು ಶೋಧಕಯಂತ್ರಗಳನ್ನು ಏಕಕಾಲದಲ್ಲಿ ವಿಚಾರಿಸಿ, ಪುನರುಕ್ತಿಗಳನ್ನು ಸೋಸಿ, ಉತ್ತರಗಳನ್ನು ಒಂದೆಡೆ ಪೇರಿಸುತ್ತಿತ್ತು.

“ರೀ, ಮೈಸೂರಲ್ಲಿ ಯಾರನ್ನಾದ್ರೂ ಕೇಳಿದ್ರೆ ಆಗಲ್ವಾ?” ಎಂದಳು ನನ್ನ ಮಡದಿ ನೀಲಮ್ಮ.

“ಒಬ್ಬೊಬ್ಬರನ್ನೇ ಕೇಳೋ ಕಾಲ ಹೋಯ್ತು ಕಣೇ. ನಾನು ಜಗತ್ತನ್ನೇ ಒಟ್ಟಿಗೆ ಕೇಳ್ತೀನಿ!”

“ಕೇಳಿ, ಯಾರು ಬೇಡ ಅಂದ್ರು? ಆದ್ರೆ ಅವರು ಕೆಂಗೇರಿ ಸ್ಟೇಷನ್ನಲ್ಲಿ ಇಳಿದು ಫೋನ್ ಮಾಡ್ತಾರೆ, ದಾರಿ ಹೇಳ್ಬೇಕು. ನಾವು ಸಿಗ್ಲಿಲ್ಲ ಅಂದ್ರೆ ನೆಟ್ಟಗೆ ಬಸವೇಶ್ವರನಗರಕ್ಕೆ ಹೋಗಿಬಿಡ್ತಾರೆ. ಅಲ್ಲೂ ಒಂದು ಹುಡುಗಿ ನೋಡೋದಿದೆಯಂತೆ.”

ಆಗ ನಮ್ಮ ಮನೆಗಿದ್ದುದು ಒಂದೇ ದೂರವಾಣಿ ತಂತಿ. ಕಂಪ್ಯೂಟರು ಅದನ್ನು ಹಿಡಿದು ಅಂತರ್ಜಾಲಕ್ಕೆ ಹೊರಟರೆ, ಹೊರಗಿನ ಕರೆ ಒಳಗೆ ಬರುವಂತಿರಲಿಲ್ಲ.

“ಐದೇ ನಿಮಿಷ!” ಎಂದು ಅಭಯವಿತ್ತು ಕೋಣೆ ಹೊಕ್ಕೆ.

ಮೋಡೆಮ್ಮು ಕೀರಿಟ್ಟು, ಗೊರಗುಟ್ಟಿ, ಕೊನೆಗೆ ಶಾಂತವಾಯಿತು. ಹೆಸರು ಬರೆದೆ, ಗುಂಡಿಯೊತ್ತಿದೆ. ಪರದೆಯ ಮೇಲೆ ಒಂದೊಂದು ಯಂತ್ರದ ಮುಂದೆಯೂ ಒಂದೊಂದು ನೀಲಿಪಟ್ಟಿ, ಕಾರ್ತಿಕದ ಸಂಜೆ ಗುಡಿಯ ಪೌಳಿಯಲ್ಲಿ ಸಾಲುದೀಪ ಹೊತ್ತಿಕೊಳ್ಳುವಂತೆ, ಮೆಲ್ಲಮೆಲ್ಲನೆ ಬೆಳಗತೊಡಗಿತು. ಕಿಟಕಿಯಿಂದ ಮಧ್ಯಾಹ್ನದ ಹದವಾದ ಬಿಸಿಲು; ಅಡುಗೆಮನೆಯಿಂದ ಏಲಕ್ಕಿಯ ಕಂಪು. ಸಾಗರದಾಚೆಯ ಯಾವುದೋ ನಗರದಲ್ಲಿ ಯಾವುದೋ ಯಂತ್ರವು ನನ್ನ ಮಗಳ ಸಲುವಾಗಿ ಎಚ್ಚರವಾಗಿದೆಯಲ್ಲ! ದೇಶದೇಶಗಳ ಅದೃಶ್ಯ ದೂತರು ಮೈಸೂರಿನ ಬೀದಿಗಳಲ್ಲಿ ಬರಿಗಾಲಲ್ಲಿ ನಡೆಯುತ್ತಾ ‘ಹುಡುಗ ಹೇಗೆ? ಹುಡುಗ ಹೇಗೆ?’ ಎಂದು ಪಿಸುಗುಡುತ್ತಿರುವಂತೆ ತೋರಿತು. ರೆಪ್ಪೆಗಳು ಭಾರವಾದುವು. ಆ ದೂತರ ಹಿಂದೆ ನಾನೂ ನಡೆದೆ...

“ಏನಂತೆ ನಿಮ್ಮ ಜಗತ್ತು?”

ಬೆಚ್ಚಿ ಕಣ್ತೆರೆದೆ. ನೀಲಮ್ಮ ಸೌಟು ಹಿಡಿದು ನಿಂತಿದ್ದಳು. ಪರದೆಯ ತುಂಬ ಉತ್ತರಗಳು! ಅತ್ಯುತ್ಸಾಹದಿಂದ ಮೊದಲನೆಯದನ್ನು ಗಟ್ಟಿಯಾಗಿ ಅನುವಾದಿಸಿದೆ: “ಗಿರಿರಾಜ. ಒಳ್ಳೆಯ ಮೈಕಟ್ಟು. ರೋಗನಿರೋಧಕ ಶಕ್ತಿ ಹೆಚ್ಚು. ಹಿತ್ತಲಲ್ಲಿ ಸಾಕಲು ಯೋಗ್ಯ.”

“ಅಳಿಯನ್ನ ಹಿತ್ತಲಲ್ಲಿ ಸಾಕ್ತೀರಾ?”

ಕನ್ನಡಕ ಸರಿಪಡಿಸಿಕೊಂಡೆ. ಅದು ಕೋಳಿಯ ತಳಿ! ಅಷ್ಟೂ ಯಂತ್ರಗಳು ಏಕಕಂಠದಿಂದ ಕೋಳಿಯನ್ನೇ ಕೊಂಡಾಡಿದ್ದುವು. ಈರುಳ್ಳಿಯೂ ಸೋಂಕದ ನನ್ನ ಪೂಜಾಕೋಣೆಯ ಪಕ್ಕದಲ್ಲಿ!

“ಕೋಳಿ ಹಾಳಾಗ್ಲಿ, ಗಂಟೆ ನೋಡ್ರೀ! ಫೋನು?”

ತಂತಿ ಕಿತ್ತೆ. ತಡವಾಗಿತ್ತು. ಕೆಂಗೇರಿಗೆ ರೈಲು ಬಂದು ಎಷ್ಟೋ ಹೊತ್ತಾಗಿತ್ತು. ರೇಷ್ಮೆ ಸೀರೆಯುಟ್ಟ ಶರಣ್ಯಾ ಹೊಸ್ತಿಲ ಬಳಿ ಬಂದು ಗೇಟಿನತ್ತ ನೋಡಿ, ನನ್ನತ್ತ ನೋಡಿದಳು. ಆ ನೋಟದೆದುರು ನನ್ನ ಪಾಂಡಿತ್ಯವೆಲ್ಲ ಮುದುಡಿತು. ಬಸವೇಶ್ವರನಗರದ ಆ ಕನ್ಯೆಯ ತಂದೆ ಈಗ ಅವರಿಗೆ ಮಣೆ ಹಾಕುತ್ತಿರಬೇಕು!

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಬೆವರೊರೆಸಿಕೊಳ್ಳುತ್ತಾ ಶಂಭುಲಿಂಗಪ್ಪನವರು! ಹಿಂದೆ ಗಿರಿರಾಜ.

“ಏನ್ ಸ್ವಾಮಿ, ನಿಮ್ಮ ಫೋನ್ ಬರೀ ಎಂಗೇಜು! ಬಸವೇಶ್ವರನಗರಕ್ಕೆ ಹೊರಟೇ ಬಿಟ್ಟಿದ್ವಿ. ಇವನೇ, ದಾರೀಲಿ ಒಂದ್ಸಲ ಕೇಳಿ ನೋಡೋಣ ಅಂದ. ಹೂವಿನವಳನ್ನ ಕೇಳಿದ್ವಿ, ಹಿಟ್ಟಿನ ಗಿರಣೀಲಿ ಕೇಳಿದ್ವಿ, ಆಟೋದವರನ್ನ ಕೇಳಿದ್ವಿ. ದಾರಿ ಕೇಳಿದ್ರೆ ಮನೆತನಾನೇ ಹೇಳಿಬಿಟ್ರು! ಹುಡುಗಿ ಅಪರಂಜಿ ಅಂದ್ರು. ತಾಯಿ ಅನ್ನಪೂರ್ಣೆ ಅಂದ್ರು. ಬಸವೇಶ್ವರನಗರದವರಿಗೆ ಬರೋದಿಲ್ಲ ಅಂತ ಅಲ್ಲೇ ಫೋನ್ ಬೂತಿಂದ ಹೇಳಿ ಬಂದ್ವಿ.”

ನನ್ನ ಎದೆ ಉಬ್ಬಿತು. “ಮತ್ತೆ... ಯಜಮಾನರ ವಿಷಯ?”

ಅವರು ಮಾಡಿನತ್ತ ದೃಷ್ಟಿ ಹೊರಳಿಸಿದರು. ನೀಲಮ್ಮ ಬಿಡಲಿಲ್ಲ: “ಹೇಳಿಬಿಡಿ ಅಣ್ಣಾ, ಪರವಾಗಿಲ್ಲ.”

“‘ಅವರು ಪಾಪ, ಒಂದು ಕಡೆ ಕೂತಿರ್ತಾರೆ, ಯಾರಿಗೂ ತೊಂದರೆ ಇಲ್ಲ’ ಅಂದ್ರು. ಎಲ್ಲಾ ಕಡೆ ಇದೇ ಮಾತು.” ನನ್ನ ಮುಖ ಕಂಡು ಮೃದುವಾಗಿ ಸೇರಿಸಿದರು: “ಬೇಜಾರಾಗ್ಬೇಡಿ ಬೀಗರೇ, ನಮ್ಮ ಬೀದೀಲಿ ನನ್ನ ವಿಷಯ ಕೇಳಿದ್ರೂ ಇದನ್ನೇ ಹೇಳ್ತಾರೆ!”

‘ಬೀಗರೇ’ ಎಂದರು! ಶರಣ್ಯಾಳ ಬಳೆಗಳು ಒಳಗೆ ಕಿಲಕಿಲನೆ ನಕ್ಕವು.

ಆ ಮಹಾನುಭಾವರಿಗೆ ಶಿವನು ಪೂರ್ಣಾಯುಷ್ಯವನ್ನು ಕರುಣಿಸಲಿ. ಅವರ ಮನೆ ಮಕ್ಕಳುಮರಿಗಳಿಂದ ತುಂಬಿ ತುಳುಕಲಿ. ಆ ಮನೆಯಲ್ಲಿ ಸೊಸೆಯ ಮಾತೇ ನಡೆಯಲಿ. ಗಂಡಸರು ಒಂದು ಕಡೆ ತಣ್ಣಗೆ ಕೂತಿರಲಿ!