ನನ್ನ ಮೂರು ಚಕ್ರದ ಗಾಡಿಯೂ ಊರಿನವರ ಕೈಗಳೂ

ನನ್ನಲ್ಲೊಂದು ಕೆಟ್ಟ ಗುಣವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರಾದರೂ ಸಹಾಯ ಮಾಡಿದರೆ ನನಗೆ ಸಿಟ್ಟು ಬರುತ್ತದೆ. ಇಂಥ ಮಾತನ್ನು ಬಾಯಿಬಿಟ್ಟು ಆಡಿದವನನ್ನು ಜನ ಕೃತಘ್ನ ಎನ್ನುತ್ತಾರೆ. ಅನ್ನಲಿ. ಸಹಾಯ ಮಾಡುವುದು ಸುಲಭದ ಕೆಲಸ. ಮಾಡಿದವನು ಕೈ ಒರೆಸಿಕೊಂಡು ತನ್ನ ದಾರಿ ಹಿಡಿಯುತ್ತಾನೆ. ಮಾಡಿಸಿಕೊಂಡವನ ಕೆಲಸ ಆಮೇಲೆ ಶುರುವಾಗುತ್ತದೆ. ಅವನು ನಗಬೇಕು, ಮುಂದಿನ ವಾರ ಸಂತೆಯಲ್ಲಿ ಸಿಕ್ಕಾಗ ಮತ್ತೊಮ್ಮೆ ನೆನೆಯಬೇಕು, ಸಹಾಯ ಮಾಡಿದವರು ಆ ಕತೆಯನ್ನು ಇನ್ನೊಬ್ಬರಿಗೆ ಹೇಳುವಾಗ ಪಕ್ಕದಲ್ಲಿ ಕೂತು ಸಾಕ್ಷಿಯಂತೆ ತಲೆಯಾಡಿಸಬೇಕು. ಈ ಕೆಲಸವನ್ನು ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು, ಒಂದು ದಿನವೂ ರಜೆಯಿಲ್ಲದೆ ಮಾಡಿದ್ದೇನೆ. ಸರ್ಕಾರಿ ಹುದ್ದೆಯಾಗಿದ್ದಿದ್ದರೆ ಇಷ್ಟು ಹೊತ್ತಿಗೆ ಹಾರ ಹಾಕಿ ನಿವೃತ್ತಿ ಕೊಡುತ್ತಿದ್ದರು.

ಮೂರು ವರ್ಷದವನಾಗಿದ್ದಾಗ ನನಗೆ ಬಂದ ಜ್ವರ ಹೋಗುವಾಗ ಎರಡು ಕಾಲಿನ ಬಲವನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ಕೈಗಳನ್ನು ಬಿಟ್ಟುಹೋದದ್ದರಿಂದ ನಾನು ಕೊಳ್ಳೇಗಾಲದ ರಿಜಿಸ್ಟ್ರಾರ್ ಆಫೀಸಿನ ಮುಂದಿನ ಹುಣಸೆಮರದ ಕೆಳಗೆ ಕೂತು ಕ್ರಯಪತ್ರ, ಭಾಗಪತ್ರ ಬರೆಯುವವನಾದೆ. ಹನೂರು, ರಾಮಾಪುರದ ಕಡೆಯವರು ಬಸ್ಸಿಳಿದು "ರೈಟ್ರು ಎಲ್ಲವ್ರೆ?" ಎಂದು ಕೇಳಿದರೆ ಅದು ನಾನೇ. ಮನೆಯಿಂದ ಮರದವರೆಗೆ ನನ್ನನ್ನು ಅಣ್ಣ ರಾಚಪ್ಪ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಿಟ್ಟು, ತನ್ನ ಬಟ್ಟೆ ಅಂಗಡಿಗೆ ಹೋಗುತ್ತಿದ್ದ. ಸಂಜೆ ಅದೇ ಕ್ಯಾರಿಯರ್ ಮೇಲೆ ವಾಪಸು. ಅವನು ಒಮ್ಮೆಯೂ ಗೊಣಗಲಿಲ್ಲ. ಗೊಣಗಿದ್ದರೆ ಜಗಳವಾಡಿಯಾದರೂ ಸಮಾಧಾನ ಪಡಬಹುದಿತ್ತು. 1956ರಲ್ಲಿ ನಮ್ಮ ತಾಲ್ಲೂಕು ಕೂತ ಜಾಗದಿಂದ ಏಳದೆಯೇ ಮದರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದುಬಿಟ್ಟಿತು. ಊರೆಲ್ಲ ಸಿಹಿ ಹಂಚುತ್ತಿದ್ದರು. ನಾನು ಜಗಲಿಯಿಂದ ಬೀದಿಗಿಳಿಯಲು ಅಣ್ಣನ ಊಟ ಮುಗಿಯುವುದನ್ನು ಕಾಯುತ್ತಿದ್ದೆ.

ಇದರಿಂದ ನನಗಾದ ನಷ್ಟವೇನೆಂದರೆ, ಇನ್ನೊಬ್ಬರಿಗೆ ತಿಳಿಯದಂತೆ ನಾನು ಎಲ್ಲಿಗೂ ಹೋದವನಲ್ಲ. ದಾರಿ ತಪ್ಪಿದವನಲ್ಲ. ಎಲ್ಲಿಗೋ ಹೊರಟು ಮನಸ್ಸು ಬದಲಾಯಿಸಿ ಇನ್ನೆಲ್ಲಿಗೋ ಹೋದವನೂ ಅಲ್ಲ. ನನ್ನ ಆಸೆ ತೀರ ಸಣ್ಣದು. ಊರಾಚೆಯ ಕೆರೆ ಏರಿಯ ಮೇಲೆ ಒಬ್ಬನೇ ಹೋಗಬೇಕು, ಸ್ವಲ್ಪ ಹೊತ್ತಿರಬೇಕು, ಒಬ್ಬನೇ ಬರಬೇಕು. ಅಲ್ಲೇನೂ ವಿಶೇಷವಿಲ್ಲ, ಮಳೆ ಬಂದ ವರ್ಷ ನೀರಿರುತ್ತದೆ, ಬಾರದ ವರ್ಷ ಎಮ್ಮೆಗಳಿರುತ್ತವೆ. ಅಣ್ಣನಿಗೆ ಹೇಳಿದ್ದರೆ ಆ ಗಳಿಗೆಯಲ್ಲೇ ಕರೆದುಕೊಂಡು ಹೋಗುತ್ತಿದ್ದ. ಏರಿ ಮೇಲೆ ಇಳಿಸಿ, ಪಕ್ಕದಲ್ಲಿ ಸೈಕಲ್ ಹಿಡಿದು ನಿಂತು, "ನೋಡಾಯ್ತೇನ್ಲಾ, ಓಗನಾ?" ಎನ್ನುತ್ತಿದ್ದ. ಹಾಗೆ ನೋಡುವುದಾದರೆ ಕೆರೆಯನ್ನು ನೋಡದೇ ಇರಬಹುದು.

ಹೀಗಿರುವಾಗ ಯಳಂದೂರಿಗೆ ಕೊಟ್ಟಿರುವ ನಮ್ಮಕ್ಕ ಒಂದು ಕಾರ್ಡು ಬರೆದಳು. ಅವರ ಬೀದಿಯಲ್ಲಿ ಕಾಲಿಲ್ಲದ ಒಬ್ಬರು ಮೂರು ಚಕ್ರದ ಗಾಡಿಯನ್ನು ಕೈಯಿಂದಲೇ ತಿರುಗಿಸಿಕೊಂಡು ಮಾರ್ಕೆಟ್ಟಿಗೆ ಹೋಗಿ ಬದನೆಕಾಯಿ ಚೌಕಾಸಿ ಮಾಡುತ್ತಾರಂತೆ. ಅಣ್ಣ ಆ ಕಾರ್ಡನ್ನು ಸೈಕಲ್ ಷಾಪಿನ ಮುನಿಯಪ್ಪನಿಗೆ ಓದಿ ಹೇಳಿದ. ಮುನಿಯಪ್ಪ ಯಳಂದೂರಿನ ಬಸ್ಸು ಹತ್ತಿ, ಆ ಗಾಡಿಯನ್ನು ಹುರಿಯಿಂದ ಅಳೆದು, ಹುರಿಗೆ ಗಂಟು ಹಾಕಿಕೊಂಡು ಬಂದ. ಅವನ ಲೆಕ್ಕವೆಲ್ಲ ಗಂಟುಗಳಲ್ಲಿ. ಎರಡು ಹಳೆಯ ಸೈಕಲ್ಲು, ನಮ್ಮ ತಂದೆಯ ಕಾಲದ ಒಂದು ಬೆತ್ತದ ಕುರ್ಚಿ, ಎಲ್ಲಿಯದೋ ಒಂದು ಕಬ್ಬಿಣದ ಕಿಟಕಿ ಇವೆಲ್ಲ ಅವನ ಅಂಗಡಿಯೊಳಗೆ ಹೋಗಿ, ಒಂದೂವರೆ ತಿಂಗಳ ನಂತರ ಗಾಡಿಯಾಗಿ ಹೊರಬಂದವು. ಅಣ್ಣ ಪೂಜೆ ಮಾಡಿಸಿದ. ಚಕ್ರಕ್ಕೊಂದರಂತೆ ಇಡಲು ಅಭ್ಯಾಸಬಲದಿಂದ ನಾಲ್ಕು ನಿಂಬೆಹಣ್ಣು ತಂದಿದ್ದ. ಮಿಕ್ಕ ಒಂದನ್ನು ಅತ್ತಿಗೆ ಪಾನಕಕ್ಕೆ ಹಿಂಡಿದರು.

ಗಾಡಿಯ ಲಕ್ಷಣಗಳನ್ನು ಇಲ್ಲಿ ಹೇಳಲೇಬೇಕು. ಹಿಂದೆ ಎರಡು ಚಕ್ರ, ಮುಂದೆ ಒಂದು, ನಡುವೆ ಕುರ್ಚಿ. ಸೈಕಲ್ಲಿನಲ್ಲಿ ಕಾಲಿಗಿರುವ ಪೆಡಲುಗಳು ಇದರಲ್ಲಿ ಎದೆಯ ಎತ್ತರಕ್ಕೆ, ಕೈಗೆ ಸಿಗುವಂತೆ ಇವೆ. ಅವನ್ನು ತಿರುಗಿಸಿದರೆ ಚೈನು ಮುಂದಿನ ಚಕ್ರವನ್ನು ಉರುಳಿಸುತ್ತದೆ. ಅವನ್ನೇ ಎಡಕ್ಕೋ ಬಲಕ್ಕೋ ವಾಲಿಸಿದರೆ ಗಾಡಿ ಅತ್ತ ಹೊರಳುತ್ತದೆ. ಬ್ರೇಕಿಗೆ ಬಲಗಡೆ ಒಂದು ಹಿಡಿ. ಇಳಿಜಾರಿನಲ್ಲಿ ನಿಲ್ಲಬೇಕಾದರೆ ಆ ಹಿಡಿಯನ್ನೆಳೆದು ಒಂದು ಕೊಕ್ಕೆಗೆ ಸಿಕ್ಕಿಸಬೇಕು. ಕಾಲಿಡಲು ಹಲಗೆ, ಕೊಡೆ ಸಿಕ್ಕಿಸಲು ಕೊಳವೆ, ಕುರ್ಚಿಯ ಕೆಳಗೆ ನನ್ನ ಛಾಪಾಕಾಗದ, ಶಾಯಿಗೆ ಒಂದು ಪೆಟ್ಟಿಗೆ, ಜೊತೆಗೊಂದು ಬೆಲ್ಲು. ತಿರುಗಿಸಲು, ಹೊರಳಿಸಲು, ಬ್ರೇಕು ಹಾಕಲು, ಬೆಲ್ಲು ಮಾಡಲು ಎಲ್ಲಕ್ಕೂ ಕೈಯೇ ಬೇಕು. ದೇವರು ಕೊಟ್ಟದ್ದು ಎರಡೇ ಎಂಬುದು ಹುರಿಯ ಗಂಟಿನಲ್ಲಿ ಬಂದಿರಲಿಲ್ಲ.

"ಮುಂದಕ್ಕೆ ತಿರುಗ್ಸುದ್ರೆ ಮುಂದಕ್ಕೋಯ್ತದೆ ಸಾ. ಹಿಂದಕ್ಕೆ ತಿರುಗ್ಸುದ್ರೆ ಸುಮ್ನೆ ಕಿರ್ ಅಂತದೆ, ಓಗದಿಲ್ಲ" ಎಂದ ಮುನಿಯಪ್ಪ.

"ಹಿಂದಕ್ಕೆ ಹೋಗಬೇಕಾದರೆ?"

"ನೀವ್ಯಾಕ್ ಸಾ ಹಿಂದಕ್ಕೋಗ್ಬೇಕು?" ಎಂದ. ಆಗ ಕುರ್ಚಿಯ ಬೆನ್ನ ಹಿಂದೆ ಬೆಸುಗೆ ಹಾಕಿದ್ದ, ಮೊಳದುದ್ದದ ಒಂದು ಕಬ್ಬಿಣದ ಕಂಬಿ ಕಣ್ಣಿಗೆ ಬಿತ್ತು. ಯಳಂದೂರಿನ ಗಾಡಿಯಲ್ಲಿ ಇಂಥದ್ದಿದೆಯೇ ಎಂದೆ. "ಇಲ್ಲ ಸಾ. ಇದು ನಾನಾಗೇ ಹಾಕ್ದೆ. ಇದಿಲ್ದಿದ್ರೆ ಜನ ಎಲ್ಲಿ ಇಡ್ಕಂಡು ತಳ್ಬೇಕು?" ನನ್ನ ಸ್ವಾತಂತ್ರ್ಯಕ್ಕೆ ಅವನು ಮೊದಲೇ ಒಂದು ಹಿಡಿಕೆ ಮಾಡಿಟ್ಟಿದ್ದ.

ಮರುದಿನ ಬೆಳಿಗ್ಗೆಯೇ ಕೆರೆ ಏರಿಗೆಂದು ಹೊರಟೆ. ಎದೆಯೊಳಗೆ ಏನೋ ಸಂಭ್ರಮ, ನಾಚಿಕೆಯಿಲ್ಲದೆ ಹೇಳುತ್ತೇನೆ. ಬೀದಿಯ ತಿರುವಿನಲ್ಲಿ ಪಟೇಲ್ ಪುಟ್ಟಮಾದಪ್ಪನವರು ಎದುರಾದರು. ನಮ್ಮ ಕಡೆ ಹಿರಿಯರು ಎದುರಾದರೆ ಎರಡೂ ಕೈ ಜೋಡಿಸಬೇಕು. ಒಂದು ಕೈ ಎತ್ತಿದರೆ ಅದು ನಮಸ್ಕಾರವಲ್ಲ, ಉಡಾಫೆ. ಮೂವತ್ತು ವರ್ಷದ ಅಭ್ಯಾಸ, ಕೈಗಳು ತಾವಾಗಿಯೇ ಕೂಡಿಕೊಂಡವು. ಗಾಡಿ ತನ್ನಷ್ಟಕ್ಕೆ ತಾನು ಹೋಗಿ ಹುಲ್ಲು ಮಾರುವವಳ ಹೊರೆಗೆ ಮೂಗು ತೂರಿಸಿ ನಿಂತಿತು. ಹಿಂದಕ್ಕೆ ತಿರುಗಿಸಿದೆ, ಮುನಿಯಪ್ಪ ಹೇಳಿದಂತೆ ಕಿರ್ ಎಂದಿತು. ಪಟೇಲರು ಹತ್ತಿರ ಬಂದರು, ಕಂಬಿ ಅವರ ಕೈಗೆ ಹೇಳಿಮಾಡಿಸಿದಂತೆ ಕೂತಿತು. "ಕೈ ನೋಯಿಸ್ಕಬೇಡಿ ರೈಟ್ರೇ, ನಾನಿವ್ನಿ" ಎಂದು ಗಾಡಿಯನ್ನು ಎಳೆದು, ತಿರುಗಿಸಿ, ತಳ್ಳಲು ತೊಡಗಿದರು. "ನಾನು ಕೆರೆ ಕಡೆಗೆ..." ಎಂದೆ. ಅವರು ಆಗಲೇ ಸತ್ತೇಗಾಲದಲ್ಲಿರುವ ತಮ್ಮ ತೆಂಗಿನ ತೋಟದ ಬದುವಿನ ವ್ಯಾಜ್ಯ ಹೇಳಲು ಶುರುಮಾಡಿದ್ದರು. ಬದು ಮುಗಿಯುವ ಹೊತ್ತಿಗೆ ನಾನು ಹುಣಸೆಮರದ ಕೆಳಗಿದ್ದೆ. ಆಫೀಸು ತೆರೆಯಲು ಇನ್ನೂ ಎರಡು ಗಂಟೆಯಿತ್ತು.

ಅಲ್ಲಿಂದ ಮುಂದೆ ಇದೇ ಆಯಿತು. ನಮ್ಮೂರಿನವರ ದಯೆಗೆ ಬಾಯಿಲ್ಲ, ಕೈ ಮಾತ್ರ ಇದೆ. ಹಿಂದಿನಿಂದ ಬಂದು ಹಿಡಿಯುತ್ತಾರೆ. ಯಾರೆಂದು ತಿರುಗಿ ನೋಡುವಷ್ಟರಲ್ಲಿ ಗಾಡಿ ಓಡುತ್ತಿರುತ್ತದೆ. ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತು. ರೈಟ್ರು ಇನ್ನೆಲ್ಲಿಗೆ ಹೋದಾರು, ಆಫೀಸಿಗೇ ತಾನೇ. ಕ್ಷೌರಕ್ಕೆ ಹೊರಟ ದಿನ ಆಫೀಸಿಗೆ ಮುಟ್ಟಿದೆ. ಹೋಟೆಲಿನಲ್ಲಿ ಬಿಸಿ ಇಡ್ಲಿ ತಿನ್ನೋಣವೆಂದು ಹೊರಟ ದಿನ ಅದರ ವಾಸನೆಯ ಮುಂದೆಯೇ ಹಾದು ಆಫೀಸಿಗೆ ಮುಟ್ಟಿದೆ. ಕೈ ಜೋಡಿಸುವುದನ್ನು ಬಿಟ್ಟು ತಲೆ ಬಾಗಿಸತೊಡಗಿದ್ದಕ್ಕೆ, ಗಾಡಿ ಬಂದ ಮೇಲೆ ರೈಟ್ರಿಗೆ ಕೊಬ್ಬು ಎಂದು ಇಬ್ಬರು ಅಣ್ಣನಿಗೆ ದೂರು ಕೊಟ್ಟರು. ಅವರಿಬ್ಬರೂ ಮರುದಿನ ಒಬ್ಬರಾದ ಮೇಲೊಬ್ಬರು ನನ್ನನ್ನು ತಳ್ಳಿದರು.

ಕಡೆಗೆ ಮುನಿಯಪ್ಪನಲ್ಲಿ ಹೋಗಿ ಕಂಬಿಯನ್ನು ಕೊಯ್ದುಹಾಕಿಸಿದೆ. ಅವನಿಗೆ ಬಹಳ ಬೇಸರವಾಯಿತು. ಇಡೀ ಗಾಡಿಯಲ್ಲಿ ಅವನ ಸ್ವಂತ ಬುದ್ಧಿ ಅದೊಂದೇ. "ಜನಕ್ಕೆ ಕಷ್ಟಾಯ್ತದೆ ಸಾ" ಎಂದ. ಜನಕ್ಕೇನೂ ಕಷ್ಟವಾಗಲಿಲ್ಲ. ಅವರು ಕುರ್ಚಿಯ ಬೆನ್ನು ಹಿಡಿದು ತಳ್ಳಿದರು. ಬೆತ್ತ ಕೈಗೆ ಒತ್ತುತ್ತದೆಂದು ಕೆಲವರು ನನ್ನ ಭುಜವನ್ನೇ ಹಿಡಿದು ತಳ್ಳಿದರು.

ಆದರೂ ನಾನು ಆಸೆ ಬಿಡಲಿಲ್ಲ. ಬೇಸಿಗೆಯ ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿದು ಊರೆಲ್ಲ ಅಡ್ಡಾಗಿರುವ ಹೊತ್ತು ನೋಡಿ ಹೊರಟೆ. ಬೆಲ್ಲಿನ ನಾಲಿಗೆಗೆ ಬಟ್ಟೆ ಕಟ್ಟಿದ್ದೆ. ಚೈನಿಗೆ ಎಣ್ಣೆ ಬಿಟ್ಟಿದ್ದೆ. ಬೀದಿಯಲ್ಲಿ ನಾಯಿಯೊಂದು ತಲೆ ಎತ್ತಿ ನೋಡಿತು, ತಳ್ಳುವ ಯೋಚನೆ ಅದಕ್ಕೂ ಬಂದು ಹೋದಂತೆ ಕಂಡಿತು. ಊರು ದಾಟಿದೆ. ಹಿಪ್ಪುನೇರಳೆ ತೋಟ ದಾಟಿದೆ. ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಲು ಕೈ ಬಿಡುವಿರಲಿಲ್ಲ, ಹೀಗೆ ಕಣ್ಣುರಿಯುವುದರಲ್ಲೂ ಇಷ್ಟು ಸುಖವಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಏರಿಯ ಬುಡಕ್ಕೆ ಬಂದೆ. ಅರ್ಧ ಏರು ಹತ್ತಿದೆ. ಅಲ್ಲಿ ಮುಂದಿನ ಚಕ್ರ ಸಡಿಲ ಗರಸುಮಣ್ಣಿನಲ್ಲಿ ಸುಮ್ಮನೆ ತಿರುಗತೊಡಗಿತು, ಗಾಡಿ ಮುಂದಕ್ಕೆ ಹೋಗಲೊಲ್ಲದು. ಬ್ರೇಕಿನ ಹಿಡಿಯನ್ನು ಎಳೆದು ಕೊಕ್ಕೆಗೆ ಸಿಕ್ಕಿಸಿ ಕೂತೆ. ಗಾಡಿ ಹಿಂದಕ್ಕೆ ಹೋಗುವುದಿಲ್ಲವೆಂಬ ಮುನಿಯಪ್ಪನ ಮಾತು ಪೂರ್ತಿ ನಿಜವಲ್ಲವೆಂದು ಆಗ ತಿಳಿಯಿತು. ಕೊಕ್ಕೆ ಬಿಚ್ಚಿದರೆ ಖಂಡಿತ ಹೋಗುತ್ತಿತ್ತು, ನೇರವಾಗಿ ಹಳ್ಳಕ್ಕೆ.

ಏರಿಯ ತಲೆ ಹತ್ತು ಮಾರು ದೂರದಲ್ಲಿ ಕಾಣುತ್ತಿತ್ತು. ಅದರಾಚೆ ನೀರಿದೆಯೋ ಎಮ್ಮೆಗಳಿವೆಯೋ ಕಾಣುತ್ತಿರಲಿಲ್ಲ. ಮೊದಲ ಕಾಲು ಗಂಟೆ ಮಹದಾನಂದದಿಂದ ಕೂತಿದ್ದೆ. ಸುತ್ತ ಒಂದು ನರಪಿಳ್ಳೆಯಿಲ್ಲ, ನಾನೆಲ್ಲಿದ್ದೇನೆಂದು ಲೋಕಕ್ಕೆ ತಿಳಿಯದು. ಎರಡನೆಯ ಕಾಲು ಗಂಟೆಯಲ್ಲಿ ಕೊಡೆ ತಂದಿಲ್ಲವೆಂಬುದು ನೆನಪಾಯಿತು. ಆಮೇಲೆ, ಬರೆಯಲು ನಾಚಿಕೆಯಾಗುತ್ತದೆ, ನಾನು ಊರಿನ ಕಡೆಗೇ ಕತ್ತು ತಿರುಗಿಸಿ ಪಟೇಲರ ರುಮಾಲು ಎಲ್ಲಾದರೂ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ದಿನವೂ ಬೇಡವೆಂದಾಗ ಬರುವ ಮನುಷ್ಯ ಆ ಹೊತ್ತು ನಿದ್ದೆ ಮಾಡುತ್ತಿದ್ದಿರಬೇಕು.

ಪಟೇಲರು ಬರಲಿಲ್ಲ. ಏರಿಯ ಮೇಲಿಂದ ಸೌದೆ ಹೊರೆ ಹೊತ್ತ ಒಬ್ಬಳು ಮುದುಕಿ ಇಳಿದು ಬಂದಳು. ಬೇರೆ ಹಳ್ಳಿಯವಳು, ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಹೊರೆ ಇಳಿಸಿ, ಗಾಡಿಯನ್ನು ಸುತ್ತ ಒಮ್ಮೆ ನೋಡಿ, ನನ್ನ ಎದುರಿಗೆ ಬಂದು ನಿಂತಳು. ಎದುರಿಗೆ. ಬೆನ್ನ ಹಿಂದಲ್ಲ.

"ಯಾಕಪ್ಪಾ, ಬಿಸ್ಲಲ್ಲಿ ನಿಂತ್ಬುಟ್ಟಿದ್ದೀಯೆ? ಎಲ್ಲಿಗೋಗ್ಬೇಕು ನೀನು? ಯೋಳು, ಅತ್ಲಾಗೇ ತಳ್ತೀನಿ."

ನಾನು ಅವಳ ಮುಖ ನೋಡಿದೆ. ಹುಟ್ಟಿದಂದಿನಿಂದ ನನ್ನನ್ನು ಹೊತ್ತವರು, ಕೂರಿಸಿಕೊಂಡವರು, ತಳ್ಳಿದವರು ನೂರಾರು ಜನ. ಅವರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ಏರಿಯ ತಲೆ ಹತ್ತು ಮಾರು ದೂರದಲ್ಲಿ, ಅವಳ ಹೆಗಲ ಮೇಲಿಂದ ಕಾಣುತ್ತಲೇ ಇತ್ತು. ಬಾಯಿ ತೆರೆದೆ.

"ರಿಜಿಸ್ಟ್ರಾರ್ ಆಫೀಸಿಗೆ" ಎಂದೆ.

ಮುದುಕಿ ಸೌದೆಯನ್ನು ಬದಿಗಿಟ್ಟು, ಗಾಡಿಯ ಮೂತಿಯನ್ನು ಎತ್ತಿ ಊರ ಕಡೆಗೆ ತಿರುಗಿಸಿ, ಬಿಸಿಲಿನಲ್ಲಿ ಅಷ್ಟು ದೂರ ತಳ್ಳಿಕೊಂಡು ಬಂದಳು. ದಾರಿಯುದ್ದಕ್ಕೂ ಹೇಳೋಣ, ಈಗ ಹೇಳೋಣ ಎಂದುಕೊಂಡೆ. ತಪ್ಪಾಯಿತು, ವಾಪಸು ತಳ್ಳು ಎಂದು ಯಾವ ಬಾಯಲ್ಲಿ ಹೇಳಲಿ. "ಬೀಗ ಹಾಕವ್ರಲ್ಲಪ್ಪಾ" ಎಂದಳು ಹುಣಸೆಮರದ ಕೆಳಗೆ ಬಂದ ಮೇಲೆ. "ಹೌದಮ್ಮ, ಭಾನುವಾರ" ಎಂದೆ. ಅವಳು ನನ್ನನ್ನು ಇನ್ನೊಮ್ಮೆ ನೋಡಿ, ಸೌದೆಯ ನೆನಪಾಗಿ ಬೇಗ ಬೇಗ ಹೋದಳು. ಸ್ವಲ್ಪ ಹೊತ್ತಿಗೆ ನಿದ್ದೆ ಮುಗಿಸಿದ ಪಟೇಲರು ಬಂದು, "ಭಾನ್ವಾರನೂ ಬುಡದಿಲ್ವಲ್ಲ ರೈಟ್ರೇ ನೀವು" ಎಂದು ಮೆಚ್ಚಿಕೊಂಡು ನನ್ನನ್ನು ಮನೆಗೆ ತಳ್ಳಿದರು. ಅಂದಿನಿಂದ ನಾನು ರಜೆಯಲ್ಲೂ ದುಡಿಯುವವನೆಂಬ ಹೆಸರು ಊರಲ್ಲಿ ನಿಂತುಬಿಟ್ಟಿದೆ.

ಸೋಮವಾರ ಮುನಿಯಪ್ಪನ ಅಂಗಡಿಗೆ ಹೋದೆ. ನಡೆದದ್ದನ್ನು ಹೇಳಲು ಮನಸ್ಸಾಗದೆ, ಗಾಡಿಯಲ್ಲೇನೋ ದೋಷವಿದೆ, ಎಲ್ಲಿಗೆ ಹೊರಟರೂ ಆಫೀಸಿನ ಕಡೆಗೇ ಎಳೆಯುತ್ತದೆ, ನೋಡು ಎಂದೆ. ಅವನು ಅದನ್ನು ಗಂಭೀರವಾಗಿಯೇ ತೆಗೆದುಕೊಂಡ. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಗಾಡಿಯನ್ನು ಮಗುಚಿ ಹಾಕಿ, ಚೈನು ಬಿಚ್ಚಿ ನೋಡಿದ, ಮೂರು ಚಕ್ರವನ್ನೂ ತಿರುಗಿಸಿ ನೋಡಿದ, ಹುರಿ ತಂದು ಗಂಟಿನ ಮೇಲೆ ಗಂಟಿಟ್ಟು ಅಳೆದ. ಆಮೇಲೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದ.

"ಗಾಡೀಲಿ ಏನೂ ರಿಪೇರಿ ಇಲ್ಲ ಸಾ" ಎಂದ.