ಜಂಬವ್ವನ ಮಾತಿಗೆ ಅರ್ಥ

"ಗವಿಸಿದ್ದಪ್ಪಾ, ಇವತ್ತು ನಿಮ್ಮ ಪ್ರಾರ್ಥನೆಗೆ ನಾನೂ ಬಂದು ಕುಂದರ್ತೀನಿ," ಎಂದಳು ಮನೆ ಮಾಲಕಿ ದುರ್ಗಕ್ಕ, ನಲ್ಲಿಗೆ ಕೊಡ ಹಿಡಿಯುತ್ತ.

ಹಲ್ಲುಜ್ಜುತ್ತಿದ್ದ ಗವಿಸಿದ್ದಪ್ಪ ನೊರೆ ನುಂಗಿಬಿಟ್ಟ.

"ಐತವಾರ ಬಂದ್ರ ನಿನ್ನ ಮನ್ಯಾಗ ಹುಚ್ಚರಂಗ ಒದರ್ತಾರಂತ. ಖಾಲಿ ಮಾಡ್ಸು ಅಂತ ಓಣಿಯೋರು ನನ್ನ ಜೀವ ತಿನ್ನಾಕತ್ಯಾರ. ಕಣ್ಣಿಲೆ ನೋಡಿ ತೀರ್ಮಾನ ಮಾಡ್ತೀನಿ."

ತೋರಣಗಲ್ಲಿನಲ್ಲಿ ಫ್ಯಾಕ್ಟರಿ ಕೆಲಸ ಸಿಕ್ಕೀತು, ನೀರಿರುವ ಬಾಡಿಗೆ ಮನೆ ಸಿಗುವುದಿಲ್ಲ. ಅದಕ್ಕೇ ಗವಿಸಿದ್ದಪ್ಪ ಮಾಲಕಿಯ ಎದುರು ನೆರಳಿನಂತೆ ಬಾಳುತ್ತಿದ್ದ. ಮಂಗಳವಾರ ಮೇಲಿನ ಮನೆಯಿಂದ ಗಂಟೆ, ಲೋಬಾನದ ಹೊಗೆ, ಅವಳ ಕೂಗು ಇಳಿದು ಬಂದರೂ ಕಿಟಕಿ ಹಾಕಿಕೊಂಡು ಸುಮ್ಮನಿರುತ್ತಿದ್ದ. ಹೆಂಡತಿ ಸುಮಲತಾ ದೊಡ್ಡ ಕಾಯಿಲೆಯಿಂದ ಎದ್ದ ಮೇಲೆ ಗಂಡಹೆಂಡತಿ ಯೇಸುವನ್ನು ನಂಬಿದವರು. ಭಾನುವಾರದ ಪ್ರಾರ್ಥನಾ ಸಭೆಗೆ ಬೇರೆ ಜಾಗವಿಲ್ಲದ್ದರಿಂದ ಅದು ಇವರ ನಡುಮನೆಯಲ್ಲೇ ಸೇರುತ್ತಿತ್ತು. ಹಾಗೆ ನೋಡಿದರೆ ಒದರುವವಳು ಒಬ್ಬಳೇ, ಮುದುಕಿ ಜಂಬವ್ವ. ಪವಿತ್ರಾತ್ಮ ಬಂದರೆ ಯಾರಿಗೂ ತಿಳಿಯದ ಅನ್ಯಭಾಷೆಯಲ್ಲಿ ಮಾತಾಡುವಳು, ಸಂಡೂರಿನ ಘಾಟಿ ಏರುವ ಅದಿರು ಲಾರಿಯ ಹಾಗೆ.

ಗವಿಸಿದ್ದಪ್ಪ ಬೈಬಲ್ ತೆರೆದ. ಪೌಲನು ಕೊರಿಂಥದವರಿಗೆ ಬರೆದದ್ದರಲ್ಲಿ, ಅನ್ಯಭಾಷೆ ನಂಬದವರಿಗೆ ದೇವರ ಗುರುತು ಎಂದಿತ್ತು. ಜೀವ ಬಂತು. ಕೆಳಗೆ ಬೆರಳು ಸರಿಸಿದ. ನಂಬದವರು ಒಳಗೆ ಬಂದು ಕೇಳಿದರೆ ನಿಮಗೆ ಹುಚ್ಚು ಅನ್ನುವುದಿಲ್ಲವೇ ಎಂದಿತ್ತು. ಬಂದ ಜೀವ ಹೋಯಿತು.

"ಲೇ ಸುಮಾ, ದುರ್ಗಕ್ಕಗ ಇದು ಗುರುತು ಆಗ್ತೈತೋ ಹುಚ್ಚು ಆಗ್ತೈತೋ?"

"ಪೌಲನೂ ರೋಮಿನಾಗ ಬಾಡಿಗಿ ಮನ್ಯಾಗ ಇದ್ದನಂತ. ಮಾಲಕರು ಏನಂದ್ರೋ, ಅದೊಂದು ಬರದಿಲ್ಲ ನೋಡ್ರಿ. ಪಾಸ್ಟರನ್ನ ಕೇಳ್ರಿ."

ಪಾಸ್ಟರ್ ಲಿಂಗರಾಜ್ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದರು. "ಅರ್ಥ ಹೇಳೋರು ಇಲ್ಲಂದ್ರ ಸಭೆಯಾಗ ಸುಮ್ನಿರಬೇಕಂತ ಅಲ್ಲೇ ಐತಲ್ಲ. ಜಂಬವ್ವಗ ಹೇಳು," ಎಂದರು.

"ನೀವ ಹೇಳ್ರಲ್ಲ."

"ನಾ ಹೆಂಗ ಹೇಳ್ಲಿ? ಅನ್ಯಭಾಷೆ ತಡೀಬ್ಯಾಡ್ರಿ ಅಂತನೂ ಅದ್ರಾಗ ಐತಿ."

ಗವಿಸಿದ್ದಪ್ಪನೇ ಹೋದ. ಜಂಬವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಅವನನ್ನು ನೋಡಿದಳು. "ನಾ ಏನ್ ಸ್ವಿಚ್ ಹಾಕ್ಕೊಂಡು ಮಾತಾಡ್ತೀನೇನೋ ತಮ್ಮಾ? ಆತು, ನಿನ್ನ ಮನಿ ಸಲುವಾಗಿ ಬಾಯಾಗ ಸೆರಗು ಇಟ್ಕೊಂತೀನಿ."

ಸಂಜೆ ದುರ್ಗಕ್ಕ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು. ಹಾಡು ಮುಗಿಯಿತು, ಪ್ರಾರ್ಥನೆ ಶುರುವಾಯಿತು. ಜಂಬವ್ವನ ಬಾಯಲ್ಲಿ ಸೆರಗಿತ್ತು. ಅವಳ ಭುಜ ನಡುಗಿತು, ಕುತ್ತಿಗೆಯ ನರ ಉಬ್ಬಿತು. ಗವಿಸಿದ್ದಪ್ಪ ಕಣ್ಣು ಬಿಟ್ಟುಕೊಂಡೇ ಪ್ರಾರ್ಥಿಸಿದ. ಸೆರಗು ಜಾರಿತು. ಲಾರಿ ಘಾಟಿ ಏರತೊಡಗಿತು.

ಕಿಟಕಿಯಲ್ಲಿ ಓಣಿಯ ಮುಖಗಳು ತುಂಬಿದವು. ದುರ್ಗಕ್ಕ ಕೈ ಎತ್ತಿದಳು.

"ಏನಂತಾಳ ಈಕಿ?"

ಪಾಸ್ಟರ್ ಸೂರು ನೋಡಿದರು.

"ಅರ್ಥ ಹೇಳೋರು ಇಲ್ಲೇನು? ಹಂಗಾರ ಓಣಿಯೋರು ಅಂದಿದ್ದು ಖರೇನ ಬಿಡು."

ಗವಿಸಿದ್ದಪ್ಪನ ಬಾಯಿ ತಾನೇ ತೆರೆಯಿತು. ತೆರೆಸಿದ್ದು ಯಾವ ಆತ್ಮವೂ ಅಲ್ಲ, ಮನೆ ಹೋಗುವ ಭಯ. "ಮ್ಯಾಲಿನ ಮನಿ ತಾಯಿಗೆ ಮೊಣಕಾಲು ನೋವು ಕಡಿಮಿ ಆಗ್ಲಿ, ಆಕಿ ಬೋರು ಬತ್ತದಂಗಿರ್ಲಿ ಅಂತಾಳ್ರಿ."

ಜಂಬವ್ವನೇ ಬೆರಗಾಗಿ ಮಾತು ನಿಲ್ಲಿಸಿದಳು. ದುರ್ಗಕ್ಕನ ಕೈ ಮೊಣಕಾಲಿಗೆ ಹೋಯಿತು. ಅವಳು ಮೆಟ್ಟಿಲು ಏರುವಾಗ ನರಳುವುದು ಓಣಿಗೆಲ್ಲ ಕೇಳಿಸುತ್ತಿತ್ತು. ಅದು ಗುಟ್ಟು ಎಂದುಕೊಂಡವಳು ಅವಳೊಬ್ಬಳೇ.

"ನಡೀರಿ ನಡೀರಿ," ಎಂದು ಕಿಟಕಿಯವರನ್ನು ಗದರಿದಳು. "ಇವರು ಹುಚ್ಚರಲ್ಲ."

ಅವಳು ಎದ್ದು ಹೋದದ್ದೇ ಪಾಸ್ಟರ್ ಗವಿಸಿದ್ದಪ್ಪನನ್ನು ತಬ್ಬಿಕೊಂಡರು. "ಅರ್ಥ ಹೇಳೋ ವರ ನಿನಗ ಬಂದೈತಪ್ಪಾ! ಇನ್ನ ಜಂಬವ್ವನ್ನ ತಡಿಯೋದೇ ಬ್ಯಾಡ. ವಾರ ವಾರ ಆಕಿ ಮಾತಾಡ್ಲಿ, ನೀ ಅರ್ಥ ಹೇಳು."

ಗವಿಸಿದ್ದಪ್ಪ ಅವರ ತೋಳಿನಿಂದ ಬಿಡಿಸಿಕೊಂಡು ಅಂಗಳಕ್ಕೆ ಬಂದ. ಮೆಟ್ಟಿಲ ಬುಡದಲ್ಲಿ ದುರ್ಗಕ್ಕ ಕಾಯುತ್ತಿದ್ದಳು.

"ಮಂಗಳವಾರ ನನ್ನ ಮೈಮ್ಯಾಲೆ ದೇವಿ ಹುಲಿಗೆವ್ವ ಬರ್ತಾಳ," ಎಂದಳು ಮೆಲ್ಲಗೆ. "ಏನೇನೋ ಮಾತಾಡ್ತೀನಂತ, ಒಬ್ಬರಿಗೂ ತಿಳಿಯಂಗಿಲ್ಲ. ನಮ್ಮ ಯಜಮಾನ್ರು ಬಂದೋರಿಗೆ ಅರ್ಥ ಹೇಳ್ತಿದ್ರು. ಅವರು ಹೋದಮ್ಯಾಲೆ ಜನ ಸುಮ್ನ ನನ್ನ ಮಾರಿ ನೋಡಿ ಹೋಗ್ತಾರ. ಈ ಮಂಗಳವಾರದಿಂದ ನೀ ಬಂದು ಕುಂದ್ರು."

"ಅಕ್ಕಾ, ನಾವು ನಂಬಿದೋರು. ಪಾಸ್ಟರಿಗೆ ಗೊತ್ತಾದ್ರ ಸಭೆಯಿಂದ ಹೊರಗ ಹಾಕ್ತಾರ್ರಿ!"

"ಒಲ್ಲೆ ಅಂದ್ರ ಬಿಡು. ನಾ ಮನಿಯಿಂದ ಹೊರಗ ಹಾಕ್ತೀನಿ."

ದುರ್ಗಕ್ಕ ನರಳುತ್ತ ಮೆಟ್ಟಿಲು ಏರತೊಡಗಿದಳು. ನಡುವೆ ನಿಂತು ತಿರುಗಿದಳು. "ಈ ಕಾಲು ಕಡಿಮಿ ಆಗ್ಲಿಲ್ಲಂದ್ರ ಅದಕ್ಕೂ ಅರ್ಥ ನೀನ ಹೇಳ್ಬೇಕು."

ಒಳಗಿನಿಂದ ಪಾಸ್ಟರ್ ಕೂಗಿದರು. "ಗವಿಸಿದ್ದಪ್ಪಾ, ಜಲ್ದಿ ಬಾ! ಜಂಬವ್ವ ಮತ್ತ ಶುರು ಮಾಡಿದ್ಲು!"