ಸ್ನೋ ಬ್ಲೋಯರಿಗೆ ಪೈಪು ಕಟ್ಟಿದ ಪ್ರಸಂಗ

ಯಾವುದಾದರೊಂದು ವಿದ್ಯೆಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ನಂಬಿಕೆ ಇಲ್ಲದೆ ಮನುಷ್ಯ ಬದುಕಲಾರ. ನನ್ನದು ಸೂಟ್‌ಕೇಸಿಗೆ ಹಗ್ಗ ಕಟ್ಟುವ ವಿದ್ಯೆ. ನಾನು ನೈಲಾನ್ ಹಗ್ಗ ಬಿಗಿದ ಸೂಟ್‌ಕೇಸು ಟೆಕ್ಸಸ್‌ನಿಂದ ಬೆಂಗಳೂರಿನವರೆಗೆ ಯಾರು ಹೇಗೆ ಎತ್ತಿ ಎಸೆದರೂ ಬಾಯಿ ಬಿಟ್ಟಿದ್ದಿಲ್ಲ. ಹಾಗೆಂದು ನನ್ನ ನೆನಪು. ಈ ನೆನಪು ನನಗೆ ಅನುಕೂಲವಾದದ್ದನ್ನಷ್ಟೇ ಜೋಪಾನ ಮಾಡುತ್ತದೆಂಬ ಗುಮಾನಿಯಿಂದ ದಿನಚರಿ ಬರೆಯಲು ಶುರು ಮಾಡಿದೆ. ಆದರೆ ಅದನ್ನು ಬರೆಯುವವನೂ ನಾನೇ ತಾನೆ!

ಈ ವಿದ್ಯೆ ಕೈಕೊಟ್ಟದ್ದು ಟೆಕ್ಸಸ್‌ನದೇ ಇನ್ನೊಂದು ಊರಾದ ಸೌತ್‌ಲೇಕಿನ ಗೆಳೆಯ ಗೋಪಿಯ ಮನೆಯಲ್ಲಿ, ಆಯುಧಪೂಜೆಯ ದಿನ. ವಾರವಿಡೀ ಕಂಪ್ಯೂಟರಿನೆದುರು ಕೂರುವ ಗೋಪಿ, ಶನಿವಾರ ಹುಲ್ಲು ಕತ್ತರಿಸಲೆಂದು ಸಣ್ಣದೊಂದು ಹಳೆಯ ಟ್ರ್ಯಾಕ್ಟರ್ ಕೊಂಡಿದ್ದ. ಮಾರಿದ ಮುದುಕ ಉತ್ತರದ ಹಿಮದ ಸೀಮೆಯವನು. ಟ್ರ್ಯಾಕ್ಟರಿನ ಬೆನ್ನಿಗೆ ಸಿಕ್ಕಿಸುವ ಸ್ನೋ ಬ್ಲೋಯರನ್ನೂ, ಅಂದರೆ ನೆಲದ ಹಿಮವನ್ನು ನುಂಗಿ ಕೊಳವೆಯಿಂದ ದೂರಕ್ಕೆ ಉಗುಳುವ ಯಂತ್ರವನ್ನೂ, ಜೊತೆಗೇ ದಾಟಿಸಿಬಿಟ್ಟಿದ್ದ. ನವೆಂಬರಿನಲ್ಲೂ ಏಸಿ ಹಾಕುವ ಊರಿನಲ್ಲಿ ಅದಕ್ಕೇನು ಕೆಲಸ? ಆದರೂ ಗೋಪಿಗೆ ಅದರ ಮೇಲೆ ಮಂದಬುದ್ಧಿಯ ಮಗನ ಮೇಲಿರುವಂಥ ಮಮತೆ. ಅದು ಗ್ಯಾರೇಜು ಹಿಡಿದು ಕೂತದ್ದರಿಂದ ಅವನ ಹೆಂಡತಿ ಸುಧಾ ಅವರ ಕಾರು ಬಿಸಿಲಲ್ಲಿ ಬೇಯುತ್ತಿತ್ತು.

"ನೋಡು ಗೋಪಿ, ಇವತ್ತು ಪೂಜೆ ಮಾಡಿಸ್ಕೊಳ್ಲಿ, ಬೇಡ ಅನ್ನಲ್ಲ. ಆದ್ರೆ ಸಾಯಂಕಾಲದೊಳಗೆ ಒಂದ್ಸಲನಾದ್ರೂ ಕೆಲಸ ಮಾಡಿ ತೋರಿಸ್ಬೇಕು. ಇಲ್ಲಾಂದ್ರೆ ಸೋಮವಾರ ಗುಜರಿಗೆ," ಎಂದರು ಸುಧಾ.

"ಇವನು ಬಂದಿದಾನಲ್ಲ, ಮೆಕ್ಯಾನಿಕಲ್ ಇಂಜಿನಿಯರು!" ಎಂದು ಗೋಪಿ ನನ್ನ ಭುಜ ತಟ್ಟಿದ. ಮೈಸೂರಿನಲ್ಲಿ ನಾನು ಆ ಡಿಗ್ರಿ ಪಡೆದದ್ದು ನಿಜ. ಆಮೇಲೆ ಕುಕ್ಕರಿನ ಹಿಡಿಗಿಂತ ದೊಡ್ಡದೇನನ್ನೂ ರಿಪೇರಿ ಮಾಡಿಲ್ಲವೆಂಬುದೂ ನಿಜ.

ಆಗಬೇಕಾದ ಕೆಲಸ ಇಷ್ಟೆ. ಉಗುಳುವ ಕೊಳವೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಲು ಹೈಡ್ರಾಲಿಕ್ ಎಣ್ಣೆಯ ಎರಡು ಪೈಪುಗಳಿವೆ. ಅವು ಟ್ರ್ಯಾಕ್ಟರಿನಿಂದ ಹೊರಟು, ನಡುವೆ ಗಿರಗಿರನೆ ತಿರುಗುವ ಶಾಫ್ಟಿಗೆ ತಾಕದಂತೆ ಯಂತ್ರವನ್ನು ಸೇರಬೇಕು. ಗೋಪಿ ಅವನ್ನು ಜೋಲುಬಿಟ್ಟಿದ್ದ. ನನಗೆ ಜೋಲು ಕಂಡರಾಗದು. ಕೆಳಗೆ ಸುಧಾ ಹಾಕಿದ್ದ ರಂಗೋಲಿ ಅಳಿಸಬಾರದೆಂದು ಯಂತ್ರವನ್ನು ಮೇಲಕ್ಕೆತ್ತಿ, ದಿಮ್ಮಿ ಕೊಟ್ಟು ನಿಲ್ಲಿಸಿದ್ದೆವು. ಹಾಗೆ ಎತ್ತಿದ ಸ್ಥಿತಿಯಲ್ಲೇ ಎರಡೂ ಪೈಪುಗಳನ್ನು ಜೋಡಿಸಿ, ಕಬ್ಬಿಣದ ಚೌಕಟ್ಟಿಗೆ ಒತ್ತಿ, ನೈಲಾನ್ ಹಗ್ಗದಿಂದ ಸೂಟ್‌ಕೇಸಿನ ಗಂಟು ಬಿಗಿದೆ. ಬೆರಳು ತೂರಲು ಜಾಗವಿರಲಿಲ್ಲ. ಅರಿಶಿನ ಕುಂಕುಮ, ಚೆಂಡುಹೂವಿನ ಹಾರವಾದ ಮೇಲಂತೂ ಯಂತ್ರ ಮದುವಣಿಗನಂತೆ ಕಂಡಿತು.

ಹಿಮಕ್ಕೇನು ಮಾಡುವುದು? ಕಡ್ಲೆಪುರಿ ಎಂದು ಸೂಚಿಸಿದ್ದು ನಾನೆಂದು ಗೋಪಿ, ಅವನೆಂದು ನಾನು. ಅಂತೂ ಡ್ರೈವ್‌ವೇ ಮೇಲೆ ಮೂಟೆ ಪುರಿ ಸುರಿದೆವು.

"ಅಯ್ಯೋ, ಪ್ರಸಾದ ನೆಲಕ್ಕೆ ಸುರೀತಾರೇನ್ರೋ!" ಎಂದು ಪೂಜೆಗೆ ಬಂದವರಲ್ಲಿ ಆಂಟಿಯೊಬ್ಬರು ಕೂಗಿದರು.

"ನೈವೇದ್ಯದ್ದಲ್ಲ ಆಂಟಿ, ಹೋದ ವರ್ಷ ಮಿಕ್ಕಿದ್ದು. ನಾನೇ ಕೊಟ್ಟೆ," ಎಂದರು ಸುಧಾ.

ಗೋಪಿ ಟ್ರ್ಯಾಕ್ಟರನ್ನು ಗ್ಯಾರೇಜಿನಿಂದ ಪುರಿಯ ರಾಶಿಯ ಬಳಿ ತಂದು, ಗಂಭೀರನಾಗಿ ಯಂತ್ರವನ್ನು ಇಳಿಸಿದ. ಅದು ಇಳಿಯುತ್ತ ಹೋಯಿತು, ನನ್ನ ಗಂಟು ಜಪ್ಪಯ್ಯ ಎನ್ನಲಿಲ್ಲ. ಪೈಪು ವೀಣೆಯ ತಂತಿಯಂತೆ ಸೆಟೆದು, ಟಪ್ಪೆಂದು ಕಿತ್ತುಬಂದು, ಗೋಪಿಯ ರೇಷ್ಮೆ ಜುಬ್ಬದ ಬೆನ್ನಿಗೆ ಎಣ್ಣೆ ಎರಚಿತು. ಎಲ್ಲರೂ ನಕ್ಕರು. "ಅಭ್ಯಂಜನ ದೀಪಾವಳಿಗಲ್ವೇನೋ!" ಎಂದರು ಯಾರೋ. ಗೋಪಿ ನಗಲಿಲ್ಲ. ಇಂಜಿನ್ ಆರಿಸಿ, ಇಳಿದು ಬಂದು, ಹೇಗೂ ಕೆಟ್ಟ ಜುಬ್ಬದ ತೋಳಿನಿಂದಲೇ ಯಂತ್ರದ ಮೇಲಿನ ಎಣ್ಣೆ ಒರೆಸತೊಡಗಿದ.

ಸುಧಾ ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, "ಇದು ಮೇಲಿದ್ದಾಗ ಕಟ್ಟಿದ್ರಾ?" ಎಂದರು.

"ಹೌದು. ಯಾಕೆ?"

"ಸೀರೆ ಉಟ್ಟಿದ್ರೆ ಗೊತ್ತಿರ್ತಿತ್ತು. ನಿಂತಾಗ ಸರಿಹೋದ್ರೆ ಸಾಕಾ? ಕೂತಾಗ್ಲೂ ಸರಿಹೋಗ್ಬೇಕಲ್ವಾ? ಕೆಳಗಿದ್ದಾಗ್ಲೇ ಕಟ್ಟಿ. ಸ್ವಲ್ಪ ಸಡಿಲ ಬಿಡಿ ಪಾಪ ಅದಕ್ಕೆ."

'ಪಾಪ' ಎಂದದ್ದು ಯಂತ್ರಕ್ಕೋ ಗಂಡನಿಗೋ ತಿಳಿಯಲಿಲ್ಲ. ಗಂಟು ಬಿಚ್ಚಿ, ಕಿತ್ತುಬಂದ ಪೈಪನ್ನು ಮತ್ತೆ ಸಿಕ್ಕಿಸಿ, ಇಳಿಸಿದಾಗ ಎಳೆಯದಷ್ಟು ಸಡಿಲ ಬಿಟ್ಟು, ಎತ್ತಿದಾಗ ಶಾಫ್ಟಿಗೆ ಜೋಲದಂತೆ ಮೇಲಕ್ಕೆ ಕಮಾನು ಮಾಡಿ ಕಟ್ಟಿದೆ. ಎತ್ತಿ, ಇಳಿಸಿ ನೋಡಿದೆವು. ಎಲ್ಲರನ್ನೂ ದೂರ ನಿಲ್ಲಿಸಿ ಗೋಪಿ ಲಿವರ್ ಎಳೆದ. ಯಂತ್ರ ಒಮ್ಮೆ ಕೆಮ್ಮಿ, ಪುರಿಯನ್ನು ನುಂಗಿ, ಮನೆಯ ಸೂರಿಗಿಂತ ಎತ್ತರಕ್ಕೆ ಬೆಳ್ಳಗೆ ಚಿಮ್ಮಿಸಿತು. (ಈ ಎತ್ತರ ನನ್ನ ನೆನಪಿನಲ್ಲಿ ವರ್ಷವರ್ಷಕ್ಕೂ ಬೆಳೆಯುತ್ತಿದೆ.) ಮಕ್ಕಳು "ಇಟ್ಸ್ ಸ್ನೋಯಿಂಗ್!" ಎಂದು ಕುಣಿದವು. ಗೋಪಿ ಕೊಳವೆಯನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಅವನ ಮುಖ ನೋಡಬೇಕಿತ್ತು.

"ಆಯ್ತು, ಇರ್ಲಿ," ಎಂದರು ಸುಧಾ, ತಲೆಯ ಮೇಲಿನ ಪುರಿ ಕೊಡವುತ್ತ. "ನನ್ನ ಕಾರಿಗೊಂದು ನೆರಳು ಕಟ್ಟಿಸು ಮತ್ತೆ."

ನಾನೂ ಪಾಠ ಕಲಿತು ನನ್ನೂರು ರೌಂಡ್ ರಾಕಿಗೆ ಮರಳಿದೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಮುಂದಿನ ಬೇಸಿಗೆಯಲ್ಲಿ ಬೆಂಗಳೂರಿಗೆ ಹೊರಟಾಗ ಸೂಟ್‌ಕೇಸಿನ ಹಗ್ಗವನ್ನೂ ಧಾರಾಳವಾಗಿ ಸಡಿಲ ಬಿಟ್ಟೆ. ವಿಮಾನ ನಿಲ್ದಾಣದ ಬೆಲ್ಟಿನ ಮೇಲೆ ಮೊದಲು ನನ್ನ ಬನಿಯನ್ನುಗಳು ಒಂದರ ಹಿಂದೊಂದು ಬಂದವು. ನಂತರ ಅತ್ತೆಗೆ ತಂದ ಬಾದಾಮಿ. ಕೊನೆಯಲ್ಲಿ, ಬಾಯಿ ತೆರೆದುಕೊಂಡು, ಸೂಟ್‌ಕೇಸು. ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಅದು ಯಾರದೋ ಎಂಬಂತೆ ನಿಂತಿದ್ದೆ.